ಉರ್ವದ ಇಟ್ಟಿಗೆಗಲ್ಲಿನ ಮನೆ

ಇತಿಹಾಸವೆಂದೊಡನೆ ನಮ್ಮ ಮನಸ್ಸು ಕೋಟೆಕೊತ್ತಲಗಳ ಕಡೆಗೂ ದೇವಾಲಯಗಳ ಕಡೆಗೂ ಹರಿಯುವದು ಸಹಜವೇ ಸರಿ. ಅರಸರು ಕಟ್ಟಿಸಿದುದಕ್ಕೆ ಶಾಸನಗಳುಂಟು, ದೇವಾಲಯಗಳಿಗೆ ಸ್ಥಳಪುರಾಣಗಳುಂಟು. ಸಾಮಾನ್ಯ ಗೃಹಸ್ಥನು ಹುಟ್ಟಿ, ಬಾಳಿ, ಮಕ್ಕಳನ್ನು ಸಾಕಿ, ಅತಿಥಿಗಳನ್ನು ಸತ್ಕರಿಸಿ, ಕಡೆಗೊಂದು ದಿನ ಕಣ್ಣುಮುಚ್ಚಿದ ಮನೆಗಾದರೋ ಶಾಸನವೂ ಇಲ್ಲ, ಪುರಾಣವೂ ಇಲ್ಲ. ಆದರೂ ಒಂದು ನಾಡಿನ ಜನರ ಬುದ್ಧಿ ಎಂತಹದು, ಅವರ ಕೈಕೆಲಸ ಎಂತಹದು, ಅವರು ಹೊರಗಿನಿಂದ ಏನನ್ನು ಪಡೆದರು, ತಮ್ಮದೆಂದು ಏನನ್ನು ಉಳಿಸಿಕೊಂಡರು ಎಂಬುದನ್ನು ತಿಳಿಯಬೇಕಾದರೆ ಅರಮನೆಗಿಂತಲೂ ಇಂತಹ ಮನೆಯೇ ಹೆಚ್ಚು ಸತ್ಯವಾದ ಸಾಕ್ಷಿಯಾಗಿರುವದು. ಆದಕಾರಣ ಮಂಗಳೂರು ನಗರದ ಉರ್ವದಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ ಹಳೆಯ ಕಾಲದ ಮನೆಗಳ ಸ್ವರೂಪವನ್ನೂ, ಅವುಗಳ ಹಿಂದಿರುವ ಚರಿತ್ರೆಯನ್ನೂ ಈ ಸ್ಮರಣಸಂಪುಟದ ವಾಚಕರ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶವು. ಇದು ಯಾವ ಒಂದು ಮನೆತನದ ವೃತ್ತಾಂತವೂ ಅಲ್ಲ. ಒಂದು ಬಗೆಯ ಮನೆಯ ವೃತ್ತಾಂತವು.

ಸ್ಥಳವೂ ಮಳೆಯೂ

ಉರ್ವವು ಮಂಗಳೂರಿನ ವಾಯವ್ಯ ಭಾಗದಲ್ಲಿರುವದು. ಮಾರಿಗುಡಿಯಿಂದ ಪ್ರಸಿದ್ಧವಾದ ಈ ಸ್ಥಳದ ಆಸುಪಾಸಿನಲ್ಲಿ ಮಣ್ಣಗುಡ್ಡೆ, ಚಿಲಿಂಬಿ, ಕೊಟ್ಟಾರಗಳಿವೆ. ಪಶ್ಚಿಮಕ್ಕೆ ಬೋಳೂರು, ಅದರಾಚೆ ಫಲ್ಗುಣಿಯೆಂದೂ ಗುರುಪುರ ನದಿಯೆಂದೂ ಕರೆಯಿಸಿಕೊಳ್ಳುವ ಹೊಳೆ, ಹೊಳೆಯಾಚೆ ತಣ್ಣೀರುಬಾವಿಯ ಮರಳದಿಬ್ಬ, ಅದರಿಂದಾಚೆ ಕಡಲು. ಹಡಗುಗಳು ಹೊಳೆಯೊಳಗೆ ನುಗ್ಗದಂತೆ ಕಾಯುವದಕ್ಕಾಗಿ 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಸುಲ್ತಾನ ಬತ್ತೇರಿಯು ಈ ಬೋಳೂರಿನ ದಡದಲ್ಲಿಯೇ ನಿಂತಿರುವದು.

ಈ ಸಂಪುಟದ ವಾಚಕರಲ್ಲಿ ಬಹುಜನರು ಬಯಲುಸೀಮೆಯವರು. ಅವರ ಕಣ್ಣಿಗೆ ಪರಿಚಿತವಾದುದು ಮಣ್ಣಿನ ಮಾಳಿಗೆಯ ಮನೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಸಮತಟ್ಟಾದ ಮಾಳಿಗೆಯ ಮೇಲೆ ಕಾಳು ಒಣಗಿಸಬಹುದು, ಬೇಸಗೆಯ ಇರುಳು ಮಲಗಬಹುದು. ಕರಾವಳಿಯಲ್ಲಾದರೋ ವರ್ಷಕ್ಕೆ 140 ಅಂಗುಲಗಳಿಗೂ ಮಿಕ್ಕಿ ಮಳೆ ಬೀಳುವದು. ಅದರಲ್ಲಿ ಬಹುಭಾಗವು ಜೂನ್ ಮೊದಲ್ಗೊಂಡು ಸಪ್ಟಂಬರದ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುವದು. ಅಲ್ಲಿ ಮಣ್ಣಿನ ಮಾಳಿಗೆ ಒಂದು ಮಳೆಗಾಲವನ್ನೂ ತಾಳಲಾರದು. ನೀರು ನಿಲ್ಲದೆ ಜಾರಿಹೋಗಬೇಕು. ಗೋಡೆಗೆ ತಾಗದೆ ದೂರ ಬೀಳಬೇಕು. ಮಳೆ ನಿಂತಾಗ ಒಳಗಿನ ತೇವ ಆರಬೇಕು. ಈ ಮೂರು ಅಗತ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಆ ಮನೆಯ ಪ್ರತಿಯೊಂದು ಅಂಗವೂ ತಾನಾಗಿಯೇ ಅರ್ಥವಾಗುವದು.

ಗೋಡೆಯ ಕಥೆ

ಉರ್ವದ ಹಳೆಯ ಮನೆಯ ಗೋಡೆಯಿಂದ ಸುಣ್ಣದ ಗಾರೆ ಉದುರಿದ ಎಡೆಯಲ್ಲಿ ಕೆಂಪಾದ, ಸಣ್ಣ ಸಣ್ಣ ತೂತುಗಳಿಂದ ತುಂಬಿದ, ದೊಡ್ಡ ಇಟ್ಟಿಗೆಗಳಂತೆ ತೋರುವ ಕಲ್ಲುಗಳು ಕಾಣುವವು. ಹೊಸಬರು ಇದನ್ನು ಕಂಡು ಇಟ್ಟಿಗೆಯ ಮನೆಯೆಂದೇ ಭಾವಿಸುವದುಂಟು. ಆದರೆ ಇದು ಸುಟ್ಟ ಇಟ್ಟಿಗೆಯಲ್ಲ. ನೆಲದಿಂದ ಕಡಿದು ತೆಗೆದ ಕಲ್ಲು. ಕರಾವಳಿಯವರು ಇದನ್ನು ಮುರಕಲ್ಲೆಂದೂ ಕೆಂಪುಕಲ್ಲೆಂದೂ ಕರೆಯುವರು. ಇಂದಿನ ಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು ಲ್ಯಾಟರೈಟ್.

ಈ ಹೆಸರಿನಲ್ಲಿಯೇ ಒಂದು ಇತಿಹಾಸವಿರುವದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಹೊಸದಾಗಿ ಕೈಸೇರಿದ ಸೀಮೆಗಳ ಬೆಳೆ, ಕಸುಬು, ಜನಜೀವನಗಳನ್ನು ಕಂಡು ವರದಿಮಾಡುವದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದನು. ಬುಕಾನನನು 1800 ಮತ್ತು 1801ರಲ್ಲಿ ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿದನು; ಅವನ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮಲೆಯಾಳದ ಅಂಗಾಡಿಪುರದಲ್ಲಿ ಅವನು ಈ ಕಲ್ಲನ್ನು ವಿಶೇಷವಾಗಿ ಗಮನಿಸಿದನು. ಗಾಳಿ ತಾಗದೆ ನೆಲದೊಳಗಿರುವ ತನಕ ಇದು ಕಬ್ಬಿಣದ ಯಾವ ಉಪಕರಣದಿಂದಲಾದರೂ ಕತ್ತರಿಸಬಹುದಾದಷ್ಟು ಮೃದು. ಹೊರತೆಗೆದ ಕೆಲಕಾಲದಲ್ಲಿಯೇ ಇಟ್ಟಿಗೆಯಂತೆ ಗಟ್ಟಿ. ಗಾಳಿಮಳೆಗಳನ್ನು ತಾಳುವದರಲ್ಲಿ ತಾನು ಹಿಂದುಸ್ಥಾನದಲ್ಲಿ ಕಂಡ ಇಟ್ಟಿಗೆಗಳಿಗಿಂತಲೂ ಮೇಲು, ಎಂಬುದು ಅವನ ಅಭಿಪ್ರಾಯದ ಸಾರಾಂಶವು. ಈ ದೇಶದ ಕೆಲವು ನುಡಿಗಳಲ್ಲಿ ಜನರು ಇದನ್ನು ‘ಇಟ್ಟಿಗೆ ಕಲ್ಲು’ ಎಂದು ಕರೆಯುವರೆಂಬುದನ್ನೂ ಅವನು ಬರೆದಿಟ್ಟಿರುವನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮವರ ಮಾತಿಗೆ ಸರಿಹೊಂದುವಂತೆ ಅವನು ಈ ಕಲ್ಲಿಗೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ಇಂದು ಆಫ್ರಿಕದಲ್ಲಿಯೂ ದಕ್ಷಿಣ ಅಮೆರಿಕದಲ್ಲಿಯೂ ಭೂಗರ್ಭಶಾಸ್ತ್ರಜ್ಞರು ಬಳಸುವ ಈ ಶಬ್ದದ ಅರ್ಥವು ನಮ್ಮ ಕರಾವಳಿಯ ಕಲ್ಲುಕುಟಿಗನ ನಾಲಗೆಯ ಮೇಲೆ ಅದಕ್ಕಿಂತ ಮೊದಲೇ ಇದ್ದಿತು. ಆ ಅಂಗಾಡಿಪುರದ ನೆಲೆಯನ್ನು ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯವರು 1979ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಕಲ್ಲಿಗೆ ಆ ಹೆಸರನ್ನು ಮೊದಲು ಕೊಟ್ಟ ಕೆಲಸಗಾರರಿಗಾದರೋ ಸ್ಮಾರಕವಿಲ್ಲ. ಅವರು ಕಟ್ಟಿದ ಗೋಡೆಗಳೇ ಅವರ ಸ್ಮಾರಕವು.

ಈ ಕಲ್ಲು ಹೀಗೇಕೆ ಗಟ್ಟಿಯಾಗುವದು? ಬಿಸಿಲು ಮಳೆಗಳೆರಡೂ ಬಲವಾಗಿರುವ ಸೀಮೆಯಲ್ಲಿ ಸಾವಿರಾರು ವರ್ಷಗಳಿಂದ ಮಳೆಯ ನೀರು ಮೂಲಶಿಲೆಯಲ್ಲಿರುವ ಕರಗುವ ಅಂಶಗಳನ್ನು ತೊಳೆದೊಯ್ಯುತ್ತ ಬರುವದು. ಉಳಿಯುವದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮುಗಳ ಅಂಶ. ನೆಲದೊಳಗೆ ತೇವವಿರುವಾಗ ಅದು ಮೆತ್ತಗಿರುವದು. ಹೊರಬಂದು ತೇವ ಆರಿದಾಗ ಕಬ್ಬಿಣದ ಅಂಶವು ಹೆಪ್ಪುಗಟ್ಟಿ ಕಣಕಣಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವದು. ಒಮ್ಮೆ ಹೀಗೆ ಗಟ್ಟಿಯಾದುದು ಮತ್ತೆ ನೀರು ತಾಗಿದರೂ ಮೊದಲಿನಂತೆ ಮೆತ್ತಗಾಗದು. ಇಟ್ಟಿಗೆಗೆ ಭಟ್ಟಿ ಬೇಕು, ಸೌದೆ ಬೇಕು. ಈ ಇಟ್ಟಿಗೆಗಲ್ಲನ್ನಾದರೋ ಗಾಳಿಯೇ ಬೇಯಿಸುವದು. ಕೋರೆಯಲ್ಲಿ ಕಡಿದ ಕಲ್ಲನ್ನು ಕೂಡಲೇ ಗೋಡೆಗೆ ಇಡದೆ, ಕೆಲವು ಕಾಲ ಹೊರಗೆ ಬಿಟ್ಟು ಪಕ್ವವಾಗಿಸಿ ಆ ಮೇಲೆ ಕಟ್ಟುವ ಪದ್ಧತಿಗೆ ಇದೇ ಕಾರಣವು.

ಈ ಕಲ್ಲಿನ ಯೋಗ್ಯತೆಯನ್ನು ಗೃಹಸ್ಥರಷ್ಟೇ ಅಲ್ಲ, ಅರಸರೂ ಅರಿತಿದ್ದರು. ವೀರಶೈವ ಧರ್ಮಾವಲಂಬಿಗಳಾದ ಕೆಳದಿಯ ನಾಯಕರ ಆಳಿಕೆಗೆ ಈ ಕರಾವಳಿಯು ಹದಿನೇಳನೆಯ ಶತಮಾನದಲ್ಲಿ ಒಳಪಟ್ಟಿದ್ದಿತೆಂಬುದು ಭಕ್ತರಿಗೆ ವಿದಿತವೇ ಇದೆ. ಶಿಸ್ತಿನಿಂದ ಪ್ರಖ್ಯಾತನಾದ ಶಿವಪ್ಪನಾಯಕನು 1650ರ ಸುಮಾರಿಗೆ ಕಟ್ಟಿಸಿದನೆನ್ನಲಾಗುವ ಬೇಕಲದ ಕೋಟೆಯು ಇಂದು ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯಲ್ಲಿರುವದು. ಸುಮಾರು 40 ಎಕರೆಗಳಷ್ಟು ನೆಲವನ್ನು ಒಳಗೊಂಡ ಆ ವಿಶಾಲವಾದ ದುರ್ಗವು ಇದೇ ಮುರಕಲ್ಲಿನದು. ಕಡಲಿನ ಉಪ್ಪುಗಾಳಿಗೂ ಮೂರುನೂರ ಐವತ್ತಕ್ಕೂ ಮಿಕ್ಕಿದ ಮಳೆಗಾಲಗಳಿಗೂ ಎದೆಯೊಡ್ಡಿ ಅದು ನಿಂತಿರುವದನ್ನು ಕಂಡರೆ ಉರ್ವದ ಮನೆಯ ಗೋಡೆಯ ಬಗ್ಗೆ ಸಂಶಯವುಳಿಯಲಾರದು. ಆ ವಂಶದ ಬಸವಪ್ಪನಾಯಕನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥದಲ್ಲಿ ಅನೇಕ ಶಾಸ್ತ್ರಗಳ ಜೊತೆಗೆ ವಾಸ್ತುವಿಷಯವೂ ಬಂದಿರುವದು. ಅರಸನು ಗ್ರಂಥದಲ್ಲಿ ಬರೆದ ವಿದ್ಯೆಯೂ, ಅಕ್ಷರವರಿಯದ ಕುಟಿಗನು ಕೈಯಲ್ಲಿ ಹಿಡಿದ ವಿದ್ಯೆಯೂ ಒಂದೇ ನಾಡಿನಲ್ಲಿ ಬದುಕಿದ್ದವು. ಒಂದು ಗ್ರಂಥಭಂಡಾರದಲ್ಲಿ ಉಳಿಯಿತು, ಇನ್ನೊಂದು ಗೋಡೆಗಳಲ್ಲಿ ಉಳಿಯಿತು.

ಕಲ್ಲುಗಳನ್ನು ಬೆಸೆಯುವದಕ್ಕೆ ಸುಣ್ಣ. ಸುಣ್ಣದ ಕಲ್ಲು ಹತ್ತಿರದಲ್ಲಿ ದೊರೆಯದಿದ್ದ ಈ ಸೀಮೆಯವರು ಹೊಳೆಯ ಅಳಿವೆಗಳಲ್ಲಿ ದೊರೆಯುವ ಚಿಪ್ಪುಗಳನ್ನು ಸುಟ್ಟು ಸುಣ್ಣಮಾಡಿದರು. ಆ ಸುಣ್ಣವನ್ನು ಮರಳಿನೊಂದಿಗೆ ಅರೆದು ಗಾರೆಯಾಗಿ ಬಳಸಿದರು. ಗೋಡೆಯ ದಪ್ಪವು ಸಾಮಾನ್ಯವಾಗಿ ಒಂದು ಅಡಿಗೆ ಕಡಿಮೆಯಿಲ್ಲ. ಹಲವೆಡೆ ಒಂದೂವರೆ ಅಡಿ. ಹೊರಗಿನ ಕಾವು ಇಂತಹ ಗೋಡೆಯನ್ನು ದಾಟಿ ಒಳಬರುವಷ್ಟರಲ್ಲಿ ಸಂಜೆಯ ಕಡಲಗಾಳಿ ಬೀಸತೊಡಗಿರುವದು.

ಮಾಡಿನ ಕಥೆ

ಗೋಡೆಯು ಪುರಾತನವಾದರೂ ಅದರ ಮೇಲಿನ ಕೆಂಪು ಹಂಚಿನ ಮಾಡು ಅಷ್ಟು ಪುರಾತನವಾದುದಲ್ಲ. ಹಿಂದೆ ಗೃಹಸ್ಥರ ಮನೆಗಳಿಗೆ ಮುಳಿಹುಲ್ಲಿನ ಅಥವಾ ತೆಂಗಿನ ಮಡಲಿನ ಹೊದಿಕೆಯಿರುತ್ತಿದ್ದಿತು. ಅನುಕೂಲಸ್ಥರು ಕುಂಬಾರನು ಮಾಡಿದ ಸಣ್ಣ ನಾಡಹಂಚನ್ನು ಹೊದಿಸುತ್ತಿದ್ದರು. ಮುಳಿಮಾಡು ತಂಪು; ಆದರೆ ಆಗಾಗ ಹೊಸದಾಗಿ ಹೊದಿಸಬೇಕು, ಬೆಂಕಿಯ ಭಯವೂ ತಪ್ಪಿದ್ದಲ್ಲ. ಕೇರಿಯಲ್ಲಿ ಒಂದು ಮನೆಗೆ ಕಿಡಿ ತಗಲಿದರೆ ಸಾಲುಮನೆಗಳೆಲ್ಲ ಉರಿದುಹೋಗಬಹುದು.

ಈ ಸ್ಥಿತಿಯು ಬದಲಾದುದು 1865ರ ತರುವಾಯ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ನೆಲಸಿದರು. ಅವರು ಸ್ಥಾಪಿಸಿದ ಮುದ್ರಣಾಲಯವು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಇಲ್ಲಿ ಸ್ಮರಿಸುವದು ಉಚಿತ. ಮತಪ್ರಚಾರವೇ ಅವರ ಉದ್ದೇಶವಾಗಿದ್ದಿತೆಂಬುದು ನಿಜ. ಆದರೂ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗನು, 1848ರಿಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚುಮಾಡಿಸಿದನು. ಬಸವಪುರಾಣವೂ ಆ ಮಾಲೆಯಲ್ಲಿಯೇ ಮುದ್ರಣದ ಬೆಳಕು ಕಂಡಿತು. ತಾಳೆಗರಿಗಳಲ್ಲಿ ಮಠಮಠಗಳಲ್ಲಿದ್ದ ಗ್ರಂಥವು ಅಚ್ಚಿನ ರೂಪವನ್ನು ತಾಳಿದುದು ಈ ಊರಿನಲ್ಲಿ ಎಂಬುದು ನಮ್ಮ ಭಕ್ತರು ನೆನಪಿಡತಕ್ಕ ಸಂಗತಿಯು.

ಆ ಮುದ್ರಣಾಲಯದ ಕೆಲಸಕ್ಕಾಗಿ 1851ರಲ್ಲಿ ಬಂದವನು ಜಾರ್ಜ್ ಪ್ಲೆಬ್ಸ್ಟ್. ಯಂತ್ರಗಳಲ್ಲಿ ನಿಪುಣನಾದ ಇವನ ಕಣ್ಣು ಅಚ್ಚಿನ ಮೊಳೆಗಳ ಮೇಲಷ್ಟೇ ನಿಲ್ಲದೆ ನೇತ್ರಾವತಿ ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನ ಮೇಲೂ ಬಿದ್ದಿತು. ಮತಾಂತರಗೊಂಡು ಕುಲಕಸುಬನ್ನು ಕಳೆದುಕೊಂಡವರಿಗೆ ಉದ್ಯೋಗ ಒದಗಿಸಬೇಕಾದ ಅಗತ್ಯವೂ ಮಿಷನ್ನಿನವರಿಗಿದ್ದಿತು. ಫ್ರಾನ್ಸಿನ ಆಲ್ಸಾಸ್ ಸೀಮೆಯಲ್ಲಿ ಗಿಲಾರ್ಡೊನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚನ್ನು ಕಂಡುಹಿಡಿದಿದ್ದರು. ಆ ಮಾದರಿಯ ಹಂಚನ್ನು ಇಲ್ಲಿಯ ಮಣ್ಣಿನಿಂದ ತಯಾರಿಸುವ ಕಾರ್ಖಾನೆಯು 1865ರಲ್ಲಿ ಜೆಪ್ಪುವಿನಲ್ಲಿ ಪ್ರಾರಂಭವಾಯಿತು. ಮೂರು ವರ್ಷಗಳಲ್ಲಿ, ಎಂದರೆ 1868ರಲ್ಲಿ, ಈ ನಾಡಿನವರೇ ಆದ ಅಲ್ಬುಕರ್ಕ್ ಮನೆತನದವರ ಕಾರ್ಖಾನೆಯೂ ತಲೆಯೆತ್ತಿತು. ಬರಬರುತ್ತ ಹೊಳೆಗಳ ದಡದುದ್ದಕ್ಕೂ ಹೊಗೆಗೂಡುಗಳು ಎದ್ದವು. ಮಂಗಳೂರು ಹಂಚು ಸಿಂಹಳ, ಪೂರ್ವ ಆಫ್ರಿಕ, ಆಸ್ಟ್ರೇಲಿಯಗಳ ತನಕ ಹಡಗಿನಲ್ಲಿ ಹೋಯಿತು.

ಈ ಹಂಚಿನ ಗುಣವನ್ನು ಸ್ವಲ್ಪ ಪರ್ಯಾಲೋಚಿಸೋಣ. ಜೇಡಿಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡುವರು. ಮಣ್ಣಿನಲ್ಲಿರುವ ಕಬ್ಬಿಣದಿಂದಲೇ ಅದಕ್ಕೆ ಕೆಂಪು ಬಣ್ಣ ಬರುವದು. ಗೋಡೆಯ ಕಲ್ಲಿನ ಕೆಂಪಿಗೂ ಮಾಡಿನ ಹಂಚಿನ ಕೆಂಪಿಗೂ ಮೂಲ ಒಂದೇ. ಹಂಚಿನ ಅಂಚುಗಳಲ್ಲಿ ಗಾಡಿಗಳಿರುವದರಿಂದ ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂರುವದು, ಗಾರೆಯ ಅಗತ್ಯವಿಲ್ಲ. ಹಿಂಬದಿಯ ಮೊಳೆಯಂತಹ ಭಾಗವು ಮರದ ರೀಪಿಗೆ ತಗಲಿಕೊಳ್ಳುವದು. ಗೋಡೆಯ ಮೇಲೆ ಅಡ್ಡ, ಅಡ್ಡದ ಮೇಲೆ ಪಕ್ಕಾಸು, ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು. ಇದೇ ಮಾಡಿನ ಕ್ರಮವು. ಒಂದು ಹಂಚು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನಿಡಬಹುದು. ಹಂಚುಹಂಚುಗಳ ನಡುವಣ ಸೂಕ್ಷ್ಮವಾದ ಎಡೆಗಳಿಂದ ಒಳಗಿನ ಬಿಸಿಗಾಳಿಯೂ ಅಡಿಗೆಮನೆಯ ಹೊಗೆಯೂ ಮೇಲೇರಿ ಹೊರಹೋಗುವದು. ಮಳೆಯ ನೀರಾದರೋ ಒಳಬರಲಾರದು. ಬೆಳಕು ಬೇಕಾದಲ್ಲಿ ಒಂದೆರಡು ಗಾಜಿನ ಹಂಚು.

ಇಲ್ಲಿ ಶೋಧಕರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಒತ್ತಿರುವದು. ಕೆಲವುಗಳಲ್ಲಿ 1865 ಎಂಬ ಇಸವಿಯೂ ಇರುವದು. ಅದನ್ನು ಕಂಡು ಮನೆಯನ್ನು ಅದೇ ವರ್ಷ ಕಟ್ಟಿದರೆಂದು ಹೇಳುವವರುಂಟು. ಅದು ಕಾರ್ಖಾನೆಯ ಸ್ಥಾಪನೆಯ ಇಸವಿಯೇ ಹೊರತು ಮನೆಯದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮಿಷನ್ನಿನ ಉದ್ಯಮಗಳನ್ನು ಸರಕಾರವು ವಶಪಡಿಸಿಕೊಂಡು, 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆದಕಾರಣ ಆ ಟ್ರಸ್ಟಿನ ಹೆಸರುಳ್ಳ ಹಂಚು 1919ಕ್ಕಿಂತ ಹಿಂದಿನದಾಗಿರಲಾರದು. ಅಲ್ಲದೆ ಹಂಚುಗಳನ್ನು ಆಗಾಗ ಬದಲಾಯಿಸುವದರಿಂದ ಒಂದೇ ಮಾಡಿನ ಮೇಲೆ ನಾಲ್ಕಾರು ಕಾಲದ ಹಂಚುಗಳು ಬೆರೆತಿರುವದು ಅಪರೂಪವಲ್ಲ. ಹಂಚು ಸಾಕ್ಷಿ ಹೇಳುವದು ನಿಜ. ಆದರೆ ಅದರ ಸಾಕ್ಷ್ಯವನ್ನು ವಿವೇಕದಿಂದ ಕೇಳಬೇಕು.

ಮನೆಯ ಒಳಗೆ

ಇನ್ನು ಮನೆಯನ್ನು ಪ್ರವೇಶಿಸೋಣ. ಮುಂದೆ ಅಂಗಳ, ಅಂಗಳದಿಂದ ಎತ್ತರವಾದ ಪಂಚಾಂಗದ ಮೇಲೆ ಮನೆ. ಮೆಟ್ಟಿಲೇರಿದರೆ ಜಗಲಿ. ದಾರಿಹೋಕನಿಗೂ ಪರಿಚಿತನಿಗೂ ಭೇದವಿಲ್ಲದೆ ಇಲ್ಲಿ ಕುಳಿತುಕೊಳ್ಳಲು ಸ್ಥಳವುಂಟು. ಮಾಡು ಗೋಡೆಯನ್ನು ದಾಟಿ ಬಹುದೂರ ಇಳಿದು ಬಂದಿರುವದರಿಂದ ಎಂತಹ ಮಳೆಯಲ್ಲಿಯೂ ಜಗಲಿ ಒದ್ದೆಯಾಗದು, ಗೋಡೆಯೂ ನೆನೆಯದು. ಗಾಳಿಮಳೆ ಅಪ್ಪಳಿಸುವ ಪಡುಬದಿಗೆ ಮಳೆಗಾಲದಲ್ಲಿ ಮಡಲಿನ ತಟ್ಟಿಯನ್ನು ಕಟ್ಟುವದೂ ಉಂಟು. ಮುರಕಲ್ಲಿನಲ್ಲಿ ತೂತುಗಳಿರುವದರಿಂದ ಅದು ನೀರನ್ನು ಹೀರಿಕೊಳ್ಳುವದು; ಇದೊಂದೇ ಅದರ ದೋಷವು. ಆ ದೋಷವನ್ನರಿತೇ ಹಿಂದಿನವರು ಮಾಡನ್ನು ಅಷ್ಟು ಕೆಳಗಿಳಿಸಿದರು.

ಜಗಲಿಯಿಂದ ಒಳಗೆ ಚಾವಡಿ, ಅದರಾಚೆ ನಡುಮನೆ, ದೇವರ ಕೋಣೆ, ಮಲಗುವ ಕೋಣೆಗಳು, ಹಿಂದೆ ಅಡಿಗೆಮನೆ, ಅದಕ್ಕೆ ಹತ್ತಿರವಾಗಿ ಬಾವಿ, ಪ್ರತ್ಯೇಕವಾಗಿ ಬಚ್ಚಲುಮನೆ. ನಡುಮನೆಯ ಮೇಲೆ ಹಲಗೆ ಹಾಸಿದ ಅಟ್ಟ. ಅಕ್ಕಿಯ ಮುಡಿಗಳನ್ನೂ ಮಳೆಗಾಲಕ್ಕೆ ಬೇಕಾದ ಸಾಮಾನುಗಳನ್ನೂ ಅಲ್ಲಿಡುತ್ತಿದ್ದರು. ಕೆಳಗಿನ ಒಲೆಯ ಕಾವೂ ಹೊಗೆಯೂ ಅವುಗಳನ್ನು ಬೂಸಲಿನಿಂದ ಕಾಪಾಡುತ್ತಿದ್ದವು. ಮಾಡಿನ ಮರಕ್ಕೂ ಹುಳ ಹತ್ತದಂತೆ ತಡೆಯುತ್ತಿದ್ದವು. ಕಂಬ, ಬಾಗಿಲು, ದಾರಂದಗಳಿಗೆ ಹಲಸು, ಸಾಗುವಾನಿ ಮೊದಲಾದ ಮರ. ಕಿಟಕಿಗಳಿಗೆ ಮರದ ದಳಿ. ನೆಲವನ್ನು ಹಿಂದೆ ಸಗಣಿಯಿಂದ ಸಾರಿಸುತ್ತಿದ್ದರು. ಹಂಚಿನ ಕಾರ್ಖಾನೆಗಳು ನೆಲಕ್ಕೆ ಹಾಸುವ ಸುಟ್ಟಮಣ್ಣಿನ ಬಿಲ್ಲೆಗಳನ್ನೂ ಟೊಳ್ಳು ಇಟ್ಟಿಗೆಗಳನ್ನೂ ತಯಾರಿಸತೊಡಗಿದ ಮೇಲೆ ಅವು ಮನೆಯೊಳಗೆ ಬಂದವು. ಅನಂತರ ಕೆಂಪು ಸಿಮೆಂಟಿನ ನುಣುಪಾದ ನೆಲವು ಬಂದಿತು.

ಮತ್ತೊಂದು ವಿಷಯವು ಗಮನಾರ್ಹವಾದುದು. ಈ ಆಸುಪಾಸಿನಲ್ಲಿ ಮೊಗವೀರರು, ಬಿಲ್ಲವರು, ಬಂಟರು, ಸಾರಸ್ವತರು, ಕ್ರೈಸ್ತರು ಮುಂತಾದ ಅನೇಕ ಜನರು ಅಕ್ಕಪಕ್ಕದಲ್ಲಿ ವಾಸಿಸುತ್ತ ಬಂದಿರುವರು. ಒಬ್ಬರ ಅಂಗಳದಲ್ಲಿ ತುಳಸಿಕಟ್ಟೆ, ಇನ್ನೊಬ್ಬರ ಅಂಗಳದಲ್ಲಿ ಶಿಲುಬೆ. ಆದರೆ ಗೋಡೆಯ ಕಲ್ಲು ಒಂದೇ, ಮಾಡಿನ ಹಂಚು ಒಂದೇ, ಜಗಲಿಯ ಸತ್ಕಾರವೂ ಒಂದೇ. ಮಳೆಯು ಜಾತಿಮತಗಳನ್ನು ಕೇಳಿ ಸುರಿಯದು. ಅದರಿಂದ ರಕ್ಷಿಸುವ ಮನೆಯೂ ಅವುಗಳನ್ನು ಕೇಳಿ ರೂಪುಗೊಂಡುದಲ್ಲ.

ಈ ಮನೆ ಯಾರದು?

ಈ ಮನೆಗಳನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಬರುವವು. ಇವು ಪಾಶ್ಚಾತ್ಯರು ಬಂದು ಕಲಿಸಿಕೊಟ್ಟ ಕಟ್ಟಡಗಳೆಂದು ಕೆಲವರು ಹೇಳುವರು. ಎಲ್ಲವೂ ನಮ್ಮ ಪೂರ್ವಜರದೇ, ಪರರದು ಏನೂ ಇಲ್ಲವೆಂದು ಇನ್ನು ಕೆಲವರು ಹೇಳುವರು. ಮೇಲೆ ವಿವರಿಸಿದುದರಿಂದ ಇವೆರಡೂ ಅರ್ಧಸತ್ಯಗಳೆಂಬುದು ಸುವ್ಯಕ್ತವಾಗುವದು. ಗೋಡೆಯ ವಿದ್ಯೆ ನಮ್ಮದು. ಹಂಚಿನ ಮಾದರಿ ದೂರದೇಶದ್ದು. ಹಂಚಿನ ಮಣ್ಣೂ ಅದನ್ನು ಮೆಟ್ಟಿ ಹದಮಾಡಿದ ಕೈಕಾಲುಗಳೂ ನಮ್ಮವು. ಇಳಿಜಾರಾದ ಮಾಡಿನ ಆಕಾರವಾದರೋ ಹಂಚು ಬರುವದಕ್ಕೆ ಬಹು ಮೊದಲೇ ಈ ಸೀಮೆಯಲ್ಲಿದ್ದಿತು. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳೇ ಇದಕ್ಕೆ ಸಾಕ್ಷಿ. ಹೊಸದು ಬಂದಾಗ ಹಿಂದಿನವರು ಹಳೆಯದನ್ನು ಕಿತ್ತೊಗೆಯಲಿಲ್ಲ. ಗೋಡೆಯನ್ನು ಉಳಿಸಿಕೊಂಡು, ಮುಳಿಹುಲ್ಲನ್ನಿಳಿಸಿ ಹಂಚನ್ನೇರಿಸಿದರು. ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ಈ ವಿವೇಕವೇ ಆ ಮನೆಯ ನಿಜವಾದ ಅಡಿಗಲ್ಲು.

ಇಂದಿನ ಸ್ಥಿತಿಯಾದರೋ ಬೇರೆ. ಕಬ್ಬಿಣ ಕಾಂಕ್ರೀಟಿನ ಚಪ್ಪಟೆ ಮಾಳಿಗೆ ಸರ್ವತ್ರ ವ್ಯಾಪಿಸಿರುವದು. ಮರ ದುಬಾರಿಯಾಯಿತು, ಜೇಡಿಮಣ್ಣೂ ಸೌದೆಯೂ ದುರ್ಲಭವಾದವು, ಹಂಚಿನ ಕಾರ್ಖಾನೆಗಳಲ್ಲಿ ಅನೇಕವು ಬಾಗಿಲು ಮುಚ್ಚಿದವು. ನಗರದಲ್ಲಿ ನೆಲದ ಬೆಲೆ ಏರಿದಂತೆ ಒಂದು ಮನೆಯಿದ್ದ ಹಿತ್ತಿಲಿನಲ್ಲಿ ಬಹುಮಹಡಿಯ ವಸತಿಗಳು ಏಳುತ್ತಿರುವವು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಹಿಸ್ಸೆಗಳು ಹೆಚ್ಚಿದ ಕುಟುಂಬಕ್ಕೆ ಮುತ್ತಜ್ಜನ ಮನೆಯೊಂದೇ ಸಾಲದು. ಸೋರುವ ಮಾಡಿನ ಕೆಳಗೆ ಮುದುಕರನ್ನಿರಿಸಿ ಪ್ರಾಚೀನತೆಯನ್ನು ಕೊಂಡಾಡುವದು ಕರುಣೆಯಲ್ಲ. ಆದರೆ ಒಂದು ಮಾತನ್ನು ಮಾತ್ರ ಹೇಳದಿರಲಾಗದು. ಕೆಡಹುವದು ಅನಿವಾರ್ಯವಾದರೂ ಕೆಡಹುವ ಮುನ್ನ ತಿಳಿದುಕೊಳ್ಳುವದು ಅಸಾಧ್ಯವಲ್ಲ. ಬಸವಪುರಾಣದ ತಾಳೆಗರಿ ಶಿಥಿಲವಾಗುವ ಮೊದಲು ಅದನ್ನು ಪ್ರತಿಮಾಡಿಕೊಂಡವರಿಲ್ಲದಿದ್ದರೆ ಮುದ್ರಣಾಲಯವು ಅಚ್ಚುಹಾಕುವದಾದರೂ ಏನನ್ನು? ಮನೆಯೂ ಒಂದು ತಾಳೆಗರಿಯೇ.

ಇದು ಉರ್ವಕ್ಕೆ ಮಾತ್ರ ಸಲ್ಲುವ ಮಾತಲ್ಲ. ನಾಡಿನೊಳಗಿನ ಹಲವು ಮಠಗಳಲ್ಲಿಯೂ ಹಳೆಯ ದಾಸೋಹದ ಮನೆಗಳು, ಹೆಬ್ಬಾಗಿಲುಗಳು, ಮಾಳಿಗೆಗಳು ಜೀರ್ಣೋದ್ಧಾರದ ಹೆಸರಿನಲ್ಲಿ ಮರೆಯಾಗುತ್ತಿರುವವು. ಭಕ್ತರು ತಮ್ಮ ತಮ್ಮ ಊರುಗಳಲ್ಲಿ ಇಂತಹ ಕಟ್ಟಡಗಳನ್ನು ಅಳತೆಮಾಡಿ ನಕ್ಷೆ ಬರೆಯಲಿ, ಛಾಯಾಚಿತ್ರ ತೆಗೆಯಲಿ, ಹಂಚಿನ ಮುದ್ರೆಗಳನ್ನು ಗುರುತುಹಾಕಿಕೊಳ್ಳಲಿ, ಗೋಡೆ ಕಟ್ಟಿದ, ಮಾಡು ಕಟ್ಟಿದ ಹಿರಿಯ ಕೆಲಸಗಾರರು ಬದುಕಿರುವಾಗಲೇ ಅವರ ಬಳಿ ಕುಳಿತು ಅವರ ಕಸುಬಿನ ಶಬ್ದಗಳನ್ನು ಬರೆದಿಟ್ಟುಕೊಳ್ಳಲಿ. ಕಾಯಕವನ್ನು ಕೈಲಾಸವೆಂದು ಭಾವಿಸಿದ ಪರಂಪರೆಯವರಿಗೆ ಕಾಯಕ ಮಾಡಿದವರ ಕೈಗುರುತನ್ನು ಗೌರವಿಸುವದು ಹೊಸ ಪಾಠವಾಗಲಾರದು.

ಅಂಗಾಡಿಪುರದಲ್ಲಿ ಬುಕಾನನನು ಕಲ್ಲುಕಡಿಯುವವರ ಮಾತಿಗೆ ಕಿವಿಗೊಟ್ಟನು. ಅದರಿಂದ ಲೋಕಕ್ಕೆ ಒಂದು ಹೊಸ ಶಬ್ದ ದೊರೆಯಿತು. ಪರದೇಶದ ವೈದ್ಯನೊಬ್ಬನು ತೋರಿದ ಅಷ್ಟು ತಾಳ್ಮೆಯನ್ನು ನಮ್ಮ ಮನೆಗಳ ವಿಷಯದಲ್ಲಿ ನಾವೇ ತೋರಿದರೆ, ಉರ್ವದ ಇಟ್ಟಿಗೆಗಲ್ಲಿನ ಮನೆಗಳು ನಾಳೆ ನೆಲಸಮವಾದರೂ ಅವುಗಳ ವಿದ್ಯೆಯು ನೆಲಸಮವಾಗದು. ಅಂತಹ ಸದ್ಬುದ್ಧಿಯು ಸರ್ವರಿಗೂ ಉಂಟಾಗಲೆಂದು ಹಾರೈಸಿ ಈ ಬರಹವನ್ನು ಮುಗಿಸುವೆನು.